ಶುಕ್ರವಾರ ಹತ್ತಕ್ಕೆ ಹತ್ತು, ಮೂರನೇ ಸೋಮವಾರ 315

68ರಲ್ಲಿ 23 ಕಳೆದರೆ ಎಷ್ಟು? ನನ್ನ ಮೂರನೇ ತರಗತಿಯ ಒಬ್ಬ ಹುಡುಗ 315 ಎಂದು ಬರೆದಿದ್ದ. ಅಕ್ಷರ ಮುದ್ದಾಗಿತ್ತು, ಅಡಿಗೆರೆ ಸ್ಕೇಲ್ ಇಟ್ಟು ಎಳೆದದ್ದು. 6ನ್ನು ಹೊಡೆದು ಮೇಲೆ 5 ಬರೆದಿದ್ದ. 8ರ ಎಡಕ್ಕೆ ಪುಟ್ಟದಾಗಿ 1 ಸೇರಿಸಿ 18 ಮಾಡಿದ್ದ. 18ರಲ್ಲಿ 3 ಹೋದರೆ 15. 5ರಲ್ಲಿ 2 ಹೋದರೆ 3. ಪಕ್ಕಪಕ್ಕ ಬರೆದರೆ 315. ನಾನು ಹೇಳಿಕೊಟ್ಟ ಒಂದೊಂದು ಹೆಜ್ಜೆಯೂ ಅಲ್ಲಿತ್ತು. ಈ ಲೆಕ್ಕಕ್ಕೆ ಆ ಹೆಜ್ಜೆ ಬೇಕಾಗಿರಲಿಲ್ಲ, ಅಷ್ಟೇ.

ಇದೇ ಹುಡುಗ ಎರಡು ವಾರದ ಹಿಂದೆ ಶುಕ್ರವಾರದ ಟೆಸ್ಟಿನಲ್ಲಿ ಹತ್ತಕ್ಕೆ ಹತ್ತು ತೆಗೆದಿದ್ದ. ಹೋಂವರ್ಕ್ ಒಂದು ದಿನವೂ ತಪ್ಪಿಸಿದವನಲ್ಲ. ಅವನೊಬ್ಬನೇ ಆಗಿದ್ದರೆ ಏನೋ ಗಮನ ಇರಲಿಲ್ಲ ಅಂತ ಬಿಟ್ಟುಬಿಡುತ್ತಿದ್ದೆ. ಆದರೆ ಆ ಸೋಮವಾರ 32 ಮಕ್ಕಳಲ್ಲಿ 19 ಮಂದಿ ಕಳೆಯುವ ಲೆಕ್ಕದಲ್ಲಿ ಎಡವಿದ್ದರು. ಎರಡು ವಾರದ ಹಿಂದೆ ನಾನು ‘ಮುಗಿಯಿತು’ ಎಂದು ಟಿಕ್ ಹಾಕಿದ್ದ ಪಾಠ ಅದು.

ಆ 19 ಹಾಳೆಗಳನ್ನು ಮುಂದಿಟ್ಟುಕೊಂಡು ನಾನು ಕಂಡದ್ದು, ಮಾಡಿದ್ದು, ಮಾಡಲು ಹೋಗಿ ಕೆಡಿಸಿದ್ದು, ಎಲ್ಲ ಇಲ್ಲಿದೆ.

ವಾರ ಹೇಗೆ ನಡೆಯುತ್ತಿತ್ತು

ನನ್ನ ವಾರ ಬಹಳ ಅಚ್ಚುಕಟ್ಟು. ಸೋಮವಾರ ಹೊಸ ಪಾಠ. ಅವತ್ತೇ ವಾರದ ಹೋಂವರ್ಕ್ ಹಾಳೆ ಕೈಗೆ: 20 ಲೆಕ್ಕ, 10 ಉಕ್ತಲೇಖನದ ಪದ, ಒಂದು ಪುಟ ಕಾಪಿ ಬರಹ. ಮಂಗಳವಾರ, ಬುಧವಾರ ಅಭ್ಯಾಸ. ಗುರುವಾರ ಚಟುವಟಿಕೆ, ಅಂದರೆ ಕತ್ತರಿಸುವುದು, ಅಂಟಿಸುವುದು, ಬಣ್ಣ ಹಚ್ಚುವುದು. ಶುಕ್ರವಾರ ಹಾಳೆ ವಾಪಸ್, ಟೆಸ್ಟ್. ಮುಂದಿನ ಸೋಮವಾರ ಬೇರೆ ಪಾಠ. ಕಳೆಯುವುದು ಒಂದು ವಾರ, ಆಕೃತಿಗಳು ಒಂದು ವಾರ, ಅಳತೆ ಒಂದು ವಾರ.

ನೋಡಲು ಚೆನ್ನಾಗಿತ್ತು. ಮನೆಯವರಿಗೂ ಖುಷಿ, ಯಾಕೆಂದರೆ ಈ ವಾರ ಏನು ನಡೆಯುತ್ತಿದೆ ಎಂದು ಒಂದೇ ಹಾಳೆಯಲ್ಲಿ ಗೊತ್ತಾಗುತ್ತಿತ್ತು. ಶುಕ್ರವಾರದ ಅಂಕಗಳೂ ಚೆನ್ನಾಗಿಯೇ ಬರುತ್ತಿದ್ದವು. ನಾನು ಅನುಮಾನ ಪಡಲು ಕಾರಣವೇ ಇರಲಿಲ್ಲ.

ಆ ಸೋಮವಾರ ಮಿಶ್ರ ಲೆಕ್ಕದ ಹಾಳೆ ಕೊಟ್ಟದ್ದು ಕೂಡ ಯೋಚಿಸಿ ಮಾಡಿದ ಕೆಲಸವಲ್ಲ. ಹೊಸ ಪಾಠಕ್ಕೆ ಬೇಕಾದ ಸಾಮಾನು ಬಂದಿರಲಿಲ್ಲ. ಸುಮ್ನೆ ಕೂರಿಸುವ ಬದಲು ಹಳೆಯ ಲೆಕ್ಕ ಮಾಡಲಿ ಎಂದು ಬೋರ್ಡಿನ ಮೇಲೆ ಕೂಡುವ, ಕಳೆಯುವ ಲೆಕ್ಕಗಳನ್ನು ಬೆರೆಸಿ ಬರೆದೆ. ಸಾಮಾನು ಬಂದಿದ್ದರೆ ಈ ಕಥೆಯೇ ಇಲ್ಲ.

ತಪ್ಪುಗಳನ್ನು ಗುಂಪು ಮಾಡಿದಾಗ

ಸಾಮಾನ್ಯವಾಗಿ ನಾನು ತಪ್ಪು ಉತ್ತರಕ್ಕೆ ಕೆಂಪು ಗೀಟು ಹಾಕಿ ಮುಂದೆ ಹೋಗುತ್ತಿದ್ದೆ. ಅವತ್ತು ಹಾಗೆ ಮಾಡಲಿಲ್ಲ. ಸಂಜೆ ಹಾಳೆಗಳನ್ನು ನೆಲದ ಮೇಲೆ ಹರಡಿ, ಒಂದೇ ಥರದ ತಪ್ಪುಗಳನ್ನು ಒಟ್ಟಿಗೆ ಇಡುತ್ತಾ ಹೋದೆ.

ಮೂರು ಗುಡ್ಡೆ ಆಯಿತು. ದೊಡ್ಡದು 11 ಹಾಳೆಗಳದ್ದು. ಅವರೆಲ್ಲ 52ರಲ್ಲಿ 27 ಕಳೆದು 35 ಎಂದು ಬರೆದಿದ್ದರು. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ, ಹಾಗಾಗಿ 7ರಿಂದ 2 ಕಳೆದಿದ್ದಾರೆ. ಎರಡನೇ ಗುಡ್ಡೆ ನಮ್ಮ 315ರ ಹುಡುಗನದ್ದು, 5 ಹಾಳೆ: ಬೇಕಿರಲಿ ಬೇಡದಿರಲಿ, ಎಲ್ಲ ಕಡೆ ಪಕ್ಕದಿಂದ ಸಾಲ ತಂದಿದ್ದಾರೆ. ಉಳಿದ 3 ಹಾಳೆಗಳಲ್ಲಿ ಇದ್ದದ್ದು ಎಣಿಕೆಯ ತಪ್ಪು, ಚಿಹ್ನೆ ನೋಡದೆ ಕೂಡಿದ್ದು, ಅಂಥವು.

ಅಂದರೆ 19ರಲ್ಲಿ 16 ಮಂದಿ ಅಜಾಗರೂಕರಲ್ಲ. ಅವರು ಒಂದು ನಿಯಮ ಹಿಡಿದುಕೊಂಡು, ಅದನ್ನು ಶಿಸ್ತಾಗಿ ಪಾಲಿಸಿದ್ದಾರೆ. ನಿಯಮವೇ ತಪ್ಪು.

ಇದು ನನ್ನ ಕ್ಲಾಸಿನ ವಿಶೇಷವೇನಲ್ಲ ಎಂದು ಆಮೇಲೆ ಓದಿ ತಿಳಿಯಿತು. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು 1978ರಲ್ಲೇ ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಕಂಪ್ಯೂಟರ್ ಪ್ರೋಗ್ರಾಮಿನ ದೋಷದಂತೆ ಪಟ್ಟಿ ಮಾಡಿದ್ದರು. ಅವುಗಳಿಗೆ ‘ಬಗ್’ ಎಂದೇ ಹೆಸರಿಟ್ಟರು. ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದುಬಿಡುವುದು ಅವುಗಳಲ್ಲಿ ತೀರಾ ಪರಿಚಿತವಾದದ್ದು. ಅವರ ಮಾತು ಇಷ್ಟೇ: ಮಗುವಿನ ತಪ್ಪು ಉತ್ತರವನ್ನು ಸರಿಯಾಗಿ ನೋಡಿದರೆ ಮುಂದಿನ ತಪ್ಪು ಉತ್ತರ ಏನು ಬರುತ್ತದೆ ಎಂದು ಮೊದಲೇ ಹೇಳಬಹುದು. ಪರೀಕ್ಷೆ ಮಾಡೋಣ ಎಂದು ಮರುದಿನ 11 ಮಂದಿಗೆ 81–46 ಕೊಟ್ಟೆ. ನನ್ನ ಕೈಯಲ್ಲಿ 45 ಎಂದು ಮೊದಲೇ ಬರೆದ ಚೀಟಿ ಇತ್ತು. 9 ಮಂದಿ 45 ಬರೆದರು. ಚೀಟಿ ನೋಡಿ ಖುಷಿ ಪಡಬೇಕೋ ಬೇಜಾರು ಪಡಬೇಕೋ ತಿಳಿಯಲಿಲ್ಲ.

ಹಾಗಾದರೆ ಶುಕ್ರವಾರ ಹೇಗೆ ಸರಿ ಬಂತು?

ಇದಕ್ಕೆ ಉತ್ತರ ಹೋಂವರ್ಕ್ ಹಾಳೆಯಲ್ಲೇ ಇತ್ತು. ಆ ವಾರದ 20 ಲೆಕ್ಕಗಳನ್ನು ಮತ್ತೆ ತೆಗೆದು ನೋಡಿದೆ. ಇಪ್ಪತ್ತಕ್ಕೆ ಇಪ್ಪತ್ತೂ ಸಾಲ ತರಬೇಕಾದ ಲೆಕ್ಕಗಳು. ಟೆಸ್ಟಿನ ಹತ್ತೂ ಅವೇ. ಮಗು ಸಂಖ್ಯೆಗಳನ್ನು ನೋಡುವ ಅಗತ್ಯವೇ ಇರಲಿಲ್ಲ. ಹೊಡಿ, ಒಂದು ಕಡಿಮೆ ಮಾಡು, ಪಕ್ಕದಲ್ಲಿ 1 ಹಾಕು, ಕಳೆ. ಕೈ ತಾನಾಗಿ ಓಡುತ್ತದೆ. ಇಲ್ಲಿ ಸಾಲ ಬೇಕಾ ಬೇಡ್ವಾ ಎಂದು ತೀರ್ಮಾನ ಮಾಡುವುದೇ ಈ ಪಾಠದ ಜೀವ. ಆ ತೀರ್ಮಾನವನ್ನು ಅವರ ಪರವಾಗಿ ನಾನೇ ಮಾಡಿ ಹಾಳೆ ಕೊಟ್ಟಿದ್ದೆ.

ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಅದು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ್ದು, ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ. ಒಂದು ಗುಂಪಿಗೆ ಒಂದೇ ಥರದ ಲೆಕ್ಕಗಳನ್ನು ಒಟ್ಟಿಗೆ ಕೊಟ್ಟರು, ಇನ್ನೊಂದಕ್ಕೆ ಬೆರೆಸಿ ಕೊಟ್ಟರು. ಅಭ್ಯಾಸ ಮಾಡುವಾಗ ಮೊದಲ ಗುಂಪು ಶೇ. 89ರಷ್ಟು ಸರಿ, ಬೆರೆಸಿ ಮಾಡಿದವರು ಶೇ. 60. ಒಂದು ವಾರ ಬಿಟ್ಟು ಟೆಸ್ಟ್ ಮಾಡಿದಾಗ ಮೊದಲ ಗುಂಪು ಶೇ. 20ಕ್ಕೆ ಇಳಿದಿತ್ತು, ಬೆರೆಸಿ ಮಾಡಿದವರು ಶೇ. 63ರಲ್ಲೇ ಇದ್ದರು. ನನ್ನ ಮಕ್ಕಳು ಎಂಟು ವರ್ಷದವರು, ಲೆಕ್ಕವೂ ಬೇರೆ. ಆದರೂ ನನ್ನ ಶುಕ್ರವಾರ ಮತ್ತು ಮೂರನೇ ಸೋಮವಾರ ಆ ಅಂಕಿಗಳಲ್ಲಿ ಕಂಡ ಹಾಗಾಯಿತು.

ಇನ್ನೊಂದು ಕಾರಣ ಹೇಳಲು ಸ್ವಲ್ಪ ಮುಜುಗರ. ಗೋಡೆಯ ಮೇಲೆ ನಾನೇ ಬಣ್ಣದಲ್ಲಿ ಬರೆದು ಅಂಟಿಸಿದ್ದ ಚಾರ್ಟ್ ಒಂದಿತ್ತು: ‘ಜಾಸ್ತಿ, ಒಟ್ಟು – ಕೂಡು. ಕಡಿಮೆ, ಉಳಿದದ್ದು – ಕಳೆ.’ ಮಿಶ್ರ ಹಾಳೆಯಲ್ಲಿ ಒಂದು ಮಾತಿನ ಲೆಕ್ಕವೂ ಇತ್ತು. ಅಕ್ಕನ ಹತ್ತಿರ 43 ಮಣಿ ಇವೆ, ತಂಗಿಗಿಂತ 15 ಜಾಸ್ತಿ, ತಂಗಿಯ ಹತ್ತಿರ ಎಷ್ಟು? ಕ್ಲಾಸಿನ ಮುಕ್ಕಾಲು ಪಾಲು 58 ಎಂದು ಬರೆದಿತ್ತು. ಒಬ್ಬಳನ್ನು ಕೇಳಿದೆ, ‘ಅಕ್ಕನ ಹತ್ತಿರ 43, ತಂಗಿ ಹತ್ತಿರ 58. ಯಾರ ಹತ್ತಿರ ಜಾಸ್ತಿ?’ ‘ತಂಗಿ’ ಎಂದಳು. ‘ಲೆಕ್ಕದಲ್ಲಿ ಯಾರ ಹತ್ತಿರ ಜಾಸ್ತಿ ಅಂತ ಇದೆ?’ ಹಾಳೆ ನೋಡಿದಳು, ಗೋಡೆ ನೋಡಿದಳು, ‘ಆದ್ರೆ ಅಲ್ಲಿ ಜಾಸ್ತಿ ಅಂದ್ರೆ ಕೂಡು ಅಂತ ಇದ್ಯಲ್ಲ ಮಿಸ್’ ಎಂದಳು. ಅವತ್ತೇ ಚಾರ್ಟ್ ಕಿತ್ತೆ. ಅಂಟು ಗಟ್ಟಿ ಇತ್ತು, ಗೋಡೆಯ ಸುಣ್ಣವೂ ಬಂತು.

ಗುರುವಾರ ರಾತ್ರಿಯ ಹೋಂವರ್ಕ್

ಕ್ಲಾಸಿನಲ್ಲಿ ಕೇಳಿದೆ: ‘ಹೋಂವರ್ಕ್ ಹಾಳೆ ಯಾವಾಗ ಮಾಡ್ತೀರಿ? ಸುಳ್ಳು ಹೇಳ್ಬೇಡಿ, ನಾನು ಬೈಯಲ್ಲ.’ ಸೋಮವಾರ ಎಂದಾಗ 4 ಕೈ. ಗುರುವಾರ ರಾತ್ರಿ ಎಂದಾಗ ಕೈಗಳ ಕಾಡು. ಒಬ್ಬ ಮಾತ್ರ ಪ್ರಾಮಾಣಿಕವಾಗಿ ‘ಶುಕ್ರವಾರ ಬೆಳಿಗ್ಗೆ’ ಎಂದ.

ಗುರುವಾರ ರಾತ್ರಿ ಇಪ್ಪತ್ತು ಲೆಕ್ಕ, ಹತ್ತು ಪದ, ಒಂದು ಪುಟ ಬರಹ. ಮಗುವಿಗೆ ನಿದ್ದೆ, ದೊಡ್ಡವರಿಗೆ ಅವಸರ. ಕೆಲವು ಹಾಳೆಗಳಲ್ಲಿ ಉಜ್ಜಿ ಅಳಿಸಿದ ದೊಡ್ಡವರ ಅಂಕಿಗಳ ಗುರುತು ಕಾಣುತ್ತಿತ್ತು, ಅದರ ಮೇಲೆಯೇ ಮಗು ತಿದ್ದಿತ್ತು. ನಾನು ಆ ಹಾಳೆಗೆ ಸ್ಟಾರ್ ಹಾಕಿದ್ದೆ. ಸ್ಟಾರ್ ಯಾರಿಗೆ ಹಾಕಿದ್ದು ಎಂದು ಈಗ ಯೋಚಿಸಿದರೆ ನಗು ಬರುತ್ತದೆ.

ಮನೆಯವರನ್ನು ದೂರಿ ಪ್ರಯೋಜನವಿಲ್ಲ. ನಾನು ಕೊಟ್ಟದ್ದು ಜಾಸ್ತಿ, ಮತ್ತು ಸರಿ ಉತ್ತರಕ್ಕೆ ಮಾತ್ರ ಬೆಲೆ ಇರುವ ಥರದ್ದು. ಅಂಥ ಕಡೆ ಯಾರಾದರೂ ಸರಿ ಉತ್ತರವನ್ನೇ ಕಳಿಸುತ್ತಾರೆ, ಅಲ್ವಾ? ಹೋಂವರ್ಕ್ ಬಗ್ಗೆ ಬಹಳ ಕಾಲ ಅಧ್ಯಯನ ಮಾಡಿದ ಹ್ಯಾರಿಸ್ ಕೂಪರ್ ಮತ್ತು ಅವರ ಸಂಗಡಿಗರು 2006ರಲ್ಲಿ ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಹೋಂವರ್ಕಿಗೂ ಕಲಿಕೆಗೂ ಇರುವ ನಂಟು ದೊಡ್ಡ ತರಗತಿಗಳಲ್ಲಿ ಗಟ್ಟಿ, ಚಿಕ್ಕ ತರಗತಿಗಳಲ್ಲಿ ತುಂಬಾ ಸಡಿಲ ಎಂದು ಕಂಡಿತು. ತರಗತಿಗೆ ಹತ್ತು ನಿಮಿಷ ಎಂಬ ಲೆಕ್ಕವೂ ಬಳಕೆಯಲ್ಲಿದೆ: ಒಂದನೇ ತರಗತಿಗೆ 10, ಎರಡಕ್ಕೆ 20, ಮೂರಕ್ಕೆ 30, ಅದೂ ಎಲ್ಲ ವಿಷಯ ಸೇರಿ. ನನ್ನ ಗುರುವಾರ ರಾತ್ರಿ ಇದರ ಮೂರು ಪಟ್ಟಾದರೂ ಇದ್ದಿರಬೇಕು.

ಉಕ್ತಲೇಖನದ ಕಥೆ ಬೇರೆ ಹೇಳಬೇಕಿಲ್ಲ. ಶುಕ್ರವಾರ ‘ಕಣ್ಣು’ ಸರಿ ಬರೆದವರು ತಿಂಗಳು ಕಳೆದು ತಮ್ಮದೇ ಕಥೆ ಬರೆಯುವಾಗ ‘ಕನ್ನು’ ಬರೆಯುತ್ತಿದ್ದರು. ಒಂದು ವಾರ ಒತ್ತಾಗಿ ಓದಿ, ಆಮೇಲೆ ಮುಟ್ಟದೆ ಬಿಟ್ಟರೆ ಹಾಗೆಯೇ. ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಉರು ಹೊಡೆದು, ಮರೆವು ಹೇಗೆ ಸಾಗುತ್ತದೆ ಎಂದು 1885ರಲ್ಲಿ ಬರೆದಿಟ್ಟಿದ್ದ. ಅಷ್ಟು ಹಳೆಯ ವಿಷಯ.

ಕಡ್ಡಿ ಲೆಕ್ಕ, ಪುಸ್ತಕದ ಲೆಕ್ಕ

ಮೊದಲು ಮಾಡಿದ್ದು ಚಟುವಟಿಕೆ. ಹತ್ತು ಹತ್ತು ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿದೆವು. 52 ಎಂದರೆ ಐದು ಕಟ್ಟು, ಎರಡು ಬಿಡಿ. ಇದರಲ್ಲಿ 27 ಕೊಡಬೇಕು. ಬಿಡಿ ಎರಡೇ ಇವೆ, ಏಳು ಬೇಕು. ಏನು ಮಾಡ್ತೀರಿ? ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಪಟ್ಟೆಂದು ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ತೆಗೆದರು. ಕೆಲವು ಬ್ಯಾಂಡ್‌ಗಳು ಹಿಂದಿನ ಬೆಂಚಿನವರೆಗೂ ಹಾರಿದವು, ಒಂದು ನನ್ನ ಕನ್ನಡಕಕ್ಕೆ ತಾಗಿತು. ಇಡೀ ಕ್ಲಾಸು 25 ಎಂದಿತು. ನನಗೆ ಗೆದ್ದ ಖುಷಿ.

ತಿರುಗಾಡುತ್ತಾ 315ರ ಹುಡುಗನ ಪಕ್ಕದ ಹುಡುಗಿಯ ಬಳಿ ನಿಂತೆ. ಅವಳು ಆ 11ರ ಗುಡ್ಡೆಯವಳು. ಡೆಸ್ಕಿನ ಮೇಲೆ ಕಡ್ಡಿಗಳು ಸರಿಯಾಗಿ 25 ಇದ್ದವು. ಪಕ್ಕದ ನೋಟ್ಸ್‌ನಲ್ಲಿ ಅದೇ ಲೆಕ್ಕ, ಉತ್ತರ 35.

‘ಇಲ್ಲಿ 25 ಇದೆ, ಇಲ್ಲಿ 35 ಇದೆ?’

‘ಇದು ಕಡ್ಡಿ ಲೆಕ್ಕ ಮಿಸ್, ಅದು ಪುಸ್ತಕದ ಲೆಕ್ಕ.’

ಅವಳಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಎರಡು ಬೇರೆ ಊರು, ಎರಡು ಬೇರೆ ಕಾನೂನು. ನಾನು ವರ್ಷಗಟ್ಟಲೆ ಗುರುವಾರ ಮಾಡಿಸಿದ ಚಟುವಟಿಕೆಗಳೆಲ್ಲ ಹೀಗೇ ಎರಡನೇ ಊರಿನಲ್ಲಿ ನಡೆದಿದ್ದವೇನೋ ಎಂದು ಅವತ್ತು ಅನಿಸಿತು. ಪಾಠ ಬುಧವಾರಕ್ಕೆ ಮುಗಿಯುತ್ತಿತ್ತು, ಚಟುವಟಿಕೆ ಅದರ ಬೋನಸ್.

ಮರುದಿನದಿಂದ ಕಡ್ಡಿ ಮತ್ತು ಪೆನ್ಸಿಲ್ ಒಟ್ಟಿಗೆ. ಇಬ್ಬಿಬ್ಬರ ಜೋಡಿ: ಒಬ್ಬರು ಕಟ್ಟು ಬಿಚ್ಚಿದ ಕೂಡಲೇ ಇನ್ನೊಬ್ಬರು 5 ಹೊಡೆದು 4 ಬರೆಯಬೇಕು. ಕಡ್ಡಿ ಅಲುಗಾಡದೆ ಪೆನ್ಸಿಲ್ ಅಲುಗಾಡುವಂತಿಲ್ಲ. ‘ಸಾಲ’ ಎಂಬ ಮಾತನ್ನೂ ಬಿಟ್ಟೆವು. ಹಿಂದೊಮ್ಮೆ ಒಬ್ಬ ‘ಸಾಲ ಯಾವಾಗ ವಾಪಸ್ ಕೊಡ್ಬೇಕು ಮಿಸ್?’ ಎಂದು ಕೇಳಿದಾಗ ನಕ್ಕು ಸುಮ್ಮನಾಗಿದ್ದೆ. ಒಳ್ಳೆಯ ಪ್ರಶ್ನೆ ಅದು. ಯಾರೂ ಸಾಲ ಕೊಡುತ್ತಿಲ್ಲ, ‘ಒಂದು’ ತರುತ್ತಲೂ ಇಲ್ಲ. ಕಟ್ಟು ಬಿಚ್ಚುತ್ತಿದ್ದೇವೆ, ಹತ್ತು ಬಿಡಿ ಸಿಗುತ್ತಿವೆ. ಈಗ ಕ್ಲಾಸಿನಲ್ಲಿ ‘ಕಟ್ಟು ಬಿಚ್ಚು’ ಎಂದೇ ಹೇಳುತ್ತೇವೆ. 315ರ ಹುಡುಗನಿಗೆ ಈ ಮಾತೇ ಹಿಡಿಸಿದ್ದು. 68–23ರ ಮುಂದೆ ಕೂತು, ‘ಎಂಟರಲ್ಲಿ ಮೂರು ಇದ್ಯಲ್ಲ, ಸುಮ್ನೆ ಯಾಕೆ ಬಿಚ್ಚೋದು’ ಎಂದು ತನ್ನಷ್ಟಕ್ಕೆ ಗೊಣಗಿದ.

ಹೊಸ ವಾರ

ವಾರದ ಹಾಳೆಯನ್ನು ನಿಲ್ಲಿಸಲಿಲ್ಲ, ಒಡೆದೆ. ದಿನಕ್ಕೆ 6 ಲೆಕ್ಕ ಮಾತ್ರ: ಎರಡು ಈ ವಾರದ್ದು, ಎರಡು ಹೋದ ವಾರದ್ದು, ಎರಡು ಇನ್ನೂ ಹಿಂದಿನದು. ಕೂಡುವುದು, ಕಳೆಯುವುದು, ಅಳತೆ ಎಲ್ಲ ಬೆರೆತು. ಜೊತೆಗೆ ಹತ್ತು ನಿಮಿಷ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳುವುದು. ಕಾಪಿ ಬರಹವನ್ನು ಕ್ಲಾಸಿಗೇ ತಂದೆ. ಹಾಳೆಯ ಮೇಲೆ ಒಂದು ಸಾಲು ಬರೆದೆ: ‘ಬರದ ಲೆಕ್ಕವನ್ನು ಹಾಗೆಯೇ ಬಿಟ್ಟು ಕಳಿಸಿ. ಅದು ನನಗೆ ಬೇಕು.’

ಸೋಮವಾರದ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿ ಖಾಲಿ ಹಾಳೆ. ಹೋದ ವಾರ ಕಲಿತದ್ದರಲ್ಲಿ ನೆನಪಿರುವುದನ್ನು ಬರಿ ಅಥವಾ ಚಿತ್ರ ಬಿಡಿಸು. ಗುರುವಾರ ಹೊಸ ಪಾಠ ಇಲ್ಲ. ಆ ಹೊತ್ತಿನಲ್ಲಿ ಒಂದೇ ಥರದ ತಪ್ಪು ಮಾಡಿದ ನಾಲ್ಕೈದು ಮಂದಿಯನ್ನು ಹತ್ತಿರ ಕೂರಿಸಿಕೊಳ್ಳುತ್ತೇನೆ, ಉಳಿದವರು ಜೋಡಿಯಲ್ಲಿ ಆಟದ ಲೆಕ್ಕ ಮಾಡುತ್ತಾರೆ. ಶುಕ್ರವಾರ ‘ತಪ್ಪು ಹುಡುಕು’: ಯಾರೋ ಒಬ್ಬರು 81–46 = 45 ಎಂದು ಬರೆದಿದ್ದಾರೆ, ಅವರಿಗೆ ಒಂದು ಪತ್ರ ಬರಿ. ಒಬ್ಬಳು ಬರೆದ ಪತ್ರ ಇಟ್ಟುಕೊಂಡಿದ್ದೇನೆ. ‘ನೀನು ಉಲ್ಟಾ ಕಳೆದಿದ್ದೀಯ. ನಾನೂ ಹಾಗೇ ಮಾಡ್ತಿದ್ದೆ. ಬೇಜಾರ್ ಮಾಡ್ಕೋಬೇಡ.’ ಬರೆದವಳು ‘ಕಡ್ಡಿ ಲೆಕ್ಕ’ದ ಹುಡುಗಿಯೇ.

ಅಂಕ ಹಾಕುವುದನ್ನು ಬಿಟ್ಟು ಒಂದು ಸಾಲು ಬರೆಯಲು ಶುರು ಮಾಡಿದೆ. ರೂತ್ ಬಟ್ಲರ್ 1988ರಲ್ಲಿ ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಸಿಕ್ಕವರು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಟಿಪ್ಪಣಿಯ ಜೊತೆ ಅಂಕವೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ನನಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಂಕ ಕಂಡ ಮಗು ಪಕ್ಕದವನ ಅಂಕ ನೋಡುತ್ತದೆ, ಸಾಲು ಓದುವುದಿಲ್ಲ. ಆದರೆ 32 ನೋಟ್ಸ್‌ಗೆ ದಿನಾ ಬರೆಯಲು ಹೋಗಿ ಎರಡನೇ ವಾರಕ್ಕೇ ಸುಸ್ತಾದೆ. ಬರೆದ ಸಾಲುಗಳೆಲ್ಲ ‘ಇನ್ನೂ ಗಮನ ಕೊಡು’ ಆಗತೊಡಗಿದವು, ಅದಕ್ಕಿಂತ ಅಂಕವೇ ವಾಸಿ. ಈಗ ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ 8 ನೋಟ್ಸ್ ಮಾತ್ರ. ಉಳಿದದ್ದನ್ನು ಮಕ್ಕಳು ಜೋಡಿಯಲ್ಲಿ ನೋಡಿಕೊಳ್ಳುತ್ತಾರೆ.

ಮನೆಯಿಂದ ಬಂದ ಚೀಟಿಗಳು

ಮೊದಲ ಚೀಟಿ: ‘ಇಷ್ಟೇನಾ ಹೋಂವರ್ಕ್?’ ಎರಡನೆಯದು ಇನ್ನೂ ಕಷ್ಟದ್ದು: ‘ಮೊದಲು ಎಲ್ಲ ಸರಿ ಮಾಡ್ತಿದ್ದಳು. ಈಗ ಆರರಲ್ಲಿ ಎರಡು ತಪ್ಪು ಬರ್ತಿದೆ. ಪಾಠ ಸರಿ ಆಗ್ತಿಲ್ವಾ?’ ಮುಖ್ಯ ಶಿಕ್ಷಕರೂ ಕರೆದು ಇದನ್ನೇ ಬೇರೆ ಮಾತಿನಲ್ಲಿ ಕೇಳಿದರು.

ನಾನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಇದು ನನ್ನ ತಪ್ಪು. ಬೆರೆಸಿ ಕೊಟ್ಟರೆ ಶುರುವಿನಲ್ಲಿ ತಪ್ಪು ಜಾಸ್ತಿಯೇ ಆಗುತ್ತದೆ. ಮೇಲೆ ಹೇಳಿದ ಪ್ರಯೋಗದಲ್ಲೂ ಅಭ್ಯಾಸದ ಹೊತ್ತಿಗೆ ಹಿಂದೆ ಬಿದ್ದವರು ಬೆರೆಸಿ ಮಾಡಿದವರೇ. ಪೋಷಕರ ಸಭೆಯಲ್ಲಿ ಮಾತು ಬಿಟ್ಟು, ಎಲ್ಲರ ಕೈಗೂ 315ರ ಹಾಳೆಯನ್ನು ಹೆಸರು ಮುಚ್ಚಿ ಕೊಟ್ಟೆ. ‘ಈ ಮಗು ಎರಡು ವಾರದ ಹಿಂದೆ ಹತ್ತಕ್ಕೆ ಹತ್ತು’ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, ‘ನಮ್ಮ ಮನೇಲಿ ಲೆಕ್ಕ ನಾನೇ ಮಾಡ್ತಿದ್ದೆ ಬಿಡಿ’ ಎಂದು ನಕ್ಕರು. ಎಲ್ಲರೂ ಒಪ್ಪಿದರು ಎಂದಲ್ಲ. ಇಬ್ಬರು ಈಗಲೂ ಮನೆಯಲ್ಲಿ ಹೆಚ್ಚುವರಿ ಇಪ್ಪತ್ತು ಲೆಕ್ಕ ಹಾಕಿಸುತ್ತಾರೆ.

ಏಳು ವಾರ ಆದ ಮೇಲೆ

ಹೇಳದೇ ಕೇಳದೆ ಮತ್ತೆ ಮಿಶ್ರ ಹಾಳೆ ಕೊಟ್ಟೆ, ಸಂಖ್ಯೆ ಬದಲಿಸಿ. ಈ ಸಲ ಕಳೆಯುವ ಲೆಕ್ಕದಲ್ಲಿ ತಪ್ಪಿದವರು 8. ಅದರಲ್ಲಿ 5 ಎಣಿಕೆಯ ತಪ್ಪು. ಹಳೆಯ ‘ಉಲ್ಟಾ’ ಉಳಿದದ್ದು 3 ಮಂದಿಗೆ. ಬೇಡದ ಕಡೆ ಬಿಚ್ಚಿದವರು ಯಾರೂ ಇಲ್ಲ.

ಇದನ್ನು ಹೊಸ ವಾರದ ಗೆಲುವು ಎಂದು ಬರೆಯಲು ನನಗೆ ಧೈರ್ಯವಿಲ್ಲ. ಏಳು ವಾರದಲ್ಲಿ ಮಕ್ಕಳು ಬೆಳೆದಿದ್ದಾರೆ. ಕಳೆಯುವುದನ್ನು ಅಷ್ಟು ಸಲ ಮುಟ್ಟಿದ್ದೇವೆ, ಯಾವ ಕ್ರಮದಲ್ಲಿ ಮಾಡಿದ್ದರೂ ಸ್ವಲ್ಪ ಸುಧಾರಿಸುತ್ತಿತ್ತು. ಪಕ್ಕದ ತರಗತಿಯ ಜೊತೆ ಹೋಲಿಸಿಯೂ ಇಲ್ಲ. ಪಾಠಗಳ ಲೆಕ್ಕದಲ್ಲಿ ನಾನು ಒಂದೂವರೆ ವಾರ ಹಿಂದೆ ಬಿದ್ದಿದ್ದೇನೆ, ಅದೂ ನಿಜ. ಆ ಮೂವರಲ್ಲಿ ಒಬ್ಬನಿಗೆ ಕಡ್ಡಿ, ಪತ್ರ, ಗುರುವಾರದ ಗುಂಪು ಯಾವುದೂ ಕೆಲಸ ಮಾಡಿಲ್ಲ. ಅವನಿಗೆ 14 ಮತ್ತು 41ರ ವ್ಯತ್ಯಾಸವೇ ಇನ್ನೂ ಅಲುಗಾಡುತ್ತಿದೆ ಎಂದು ಹೋದ ವಾರ ಗೊತ್ತಾಯಿತು. ಕಳೆಯುವುದನ್ನು ಬಿಟ್ಟು ಅಲ್ಲಿಗೇ ವಾಪಸ್ ಹೋಗಿದ್ದೇವೆ.

ಹೋದ ಗುರುವಾರ 315ರ ಹುಡುಗ ಕಡ್ಡಿಯ ಡಬ್ಬಿ ಹಿಡಿದುಕೊಂಡು ಟೇಬಲ್ ಹತ್ತಿರ ಬಂದ. 400ರಲ್ಲಿ 136 ಕಳೆಯಬೇಕಂತೆ. ಯಾರೂ ಕೊಟ್ಟದ್ದಲ್ಲ, ಅವನೇ ಮಾಡಿಕೊಂಡ ಲೆಕ್ಕ. ‘ನೂರರ ಕಟ್ಟು ಬಿಚ್ಚಿದ್ರೆ ಹತ್ತರ ಕಟ್ಟು ಸಿಗುತ್ತೆ. ಆದ್ರೆ ಬಿಡಿ ಇನ್ನೂ ಸೊನ್ನೆನೇ ಇದೆ ಅಲ್ವಾ ಮಿಸ್?’ ಎಂದ. ನಾನು ಹೌದು ಎಂದೆ. ಅವನು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡುತ್ತಾ ನಿಂತ. ‘ಹಾಗಾದ್ರೆ ಇನ್ನೊಂದು ಸಲ ಬಿಚ್ಬೇಕು’ ಎಂದು ನೆಲದ ಮೇಲೆ ಕೂತ.